ಎಸ್‌ಜಿಎಲ್‌ಐ ಬಿಡಲಾ, ಇಟ್ಟುಕೊಳ್ಳಲಾ? ಅಮೆರಿಕದ ಸೇನೆಯಲ್ಲಿರುವ ಕನ್ನಡಿಗರೊಬ್ಬರ ಪ್ರಶ್ನೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಆರ್ಮಿಯಲ್ಲಿ ಸ್ಪೆಷಲಿಸ್ಟ್. ಈಗ ಟೆಕ್ಸಾಸ್‌ನಲ್ಲಿದ್ದೇನೆ. ವಯಸ್ಸು 29. ಊರು ಸೋಮವಾರಪೇಟೆ ಹತ್ತಿರ. ಎಂಎಸ್ ಓದಲು ಬಂದವನು, ಇಲ್ಲೇ ಮದುವೆಯಾಯಿತು, ಗ್ರೀನ್ ಕಾರ್ಡ್ ಬಂತು, ಆಮೇಲೆ ಸೇನೆ ಸೇರಿದೆ. ಪೌರತ್ವವೂ ಸಿಕ್ಕಿದೆ. ಹೆಂಡತಿ ನರ್ಸ್, ನನಗಿಂತ ಜಾಸ್ತಿ ಸಂಬಳ. ಮಕ್ಕಳಿಲ್ಲ.

ಪ್ರತಿ ತಿಂಗಳು ಸಂಬಳದ ಚೀಟಿಯಲ್ಲಿ ಎಸ್‌ಜಿಎಲ್‌ಐ, ಅಂದರೆ ಸೈನಿಕರ ಗ್ರೂಪ್ ಜೀವ ವಿಮೆ ಅಂತ 26 ಡಾಲರ್ ಕಡಿತ ಇರುತ್ತದೆ. ನಾನು ಕೇಳಿ ತೆಗೆದುಕೊಂಡದ್ದಲ್ಲ, ಸೇರಿದಾಗ ತಾನಾಗಿಯೇ ಶುರುವಾಯಿತು. ಹೋದ ವಾರ ಅಪ್ಪನ ಜೊತೆ ಮಾತಾಡುವಾಗ ಇದರ ವಿಷಯ ಬಂತು. ಅಪ್ಪ ನಮ್ಮ ದೇಶದ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರಿಗೆ ಗ್ರೂಪ್ ಇನ್ಶೂರೆನ್ಸ್‌ನಿಂದ ಹೊರಗೆ ಬರುವಾಗ ಒಂದಿಷ್ಟು ದುಡ್ಡು ಬಂದಿತ್ತು. ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಿದ್ದು ಅದರಲ್ಲೇ. "ನಿಂದ್ರಲ್ಲಿ ಎಷ್ಟು ವಾಪಸ್ ಬರುತ್ತೆ?" ಅಂತ ಕೇಳಿದರು. ಏನೂ ಬರಲ್ಲ ಅಂದೆ. "ಹಂಗಾದ್ರೆ ಯಾಕೆ ಕಟ್ತಾ ಇದ್ದೀಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಯೂನಿಟ್‌ನ ಸೀನಿಯರ್ ಒಬ್ಬರು ಕೂಡ ಇದನ್ನು ಬಿಟ್ಟುಬಿಡು ಅಂತಾರೆ. ಗೇಟಿನ ಹೊರಗೆ ಒಬ್ಬ ಏಜೆಂಟ್ ಹೋಲ್ ಲೈಫ್ ಪಾಲಿಸಿ (ಜೀವನಪೂರ್ತಿ ಇರುವ, ಉಳಿತಾಯವೂ ಸೇರಿದ ವಿಮೆ) ತೋರಿಸಿದ್ದಾರೆ. ತಿಂಗಳಿಗೆ 110 ಡಾಲರ್, 1 ಲಕ್ಷ ಡಾಲರ್ ಕವರ್, ಕಟ್ಟಿದ ದುಡ್ಡು ಬೆಳೆಯುತ್ತೆ ಅಂತಾರೆ. ಎಸ್‌ಜಿಎಲ್‌ಐ ನಿಲ್ಲಿಸಿದರೆ ಅದಕ್ಕೆ ಸ್ವಲ್ಪ ಸಹಾಯ ಆಗುತ್ತೆ ಅಂತ ಅವರೇ ಹೇಳಿದರು. ನನ್ನನ್ನು ನಂಬಿಕೊಂಡು ಬದುಕುವವರು ಯಾರೂ ಇಲ್ಲ. ಬಿಡಬಹುದಾ?

ಉತ್ತರ

ಮೊದಲು ನನ್ನ ಬಗ್ಗೆ ಒಂದು ಮಾತು. ಸೈನಿಕರಿಗೂ ಅವರ ಮನೆಯವರಿಗೂ ಹಣಕಾಸಿನ ಸಲಹೆ ಕೊಡುವುದು ನನ್ನ ಕೆಲಸ. ನಾನು ಇನ್ಶೂರೆನ್ಸ್ ಮಾರುವುದಿಲ್ಲ. ನೀವು ಇಟ್ಟುಕೊಂಡರೂ ಬಿಟ್ಟರೂ ನನಗೆ ಒಂದು ಪೈಸೆ ಬರುವುದಿಲ್ಲ.

ಬಿಡಬಹುದು. ಕಾನೂನಿನಲ್ಲಿ ಅವಕಾಶ ಇದೆ. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಅಷ್ಟು ಸುಲಭವಾಗಿ ಆಗಿಹೋಗುತ್ತದೆ ಅನ್ನುವುದೇ ನನಗೆ ಚಿಂತೆ. ವಾಪಸ್ ಬರುವ ದಾರಿ ಅಷ್ಟು ಸುಲಭ ಇಲ್ಲ.

ನಿಮ್ಮ ಅಪ್ಪ ಕೇಳಿದ ಪ್ರಶ್ನೆ ಸರಿಯಾದದ್ದೇ. ಅವರು ನೋಡಿದ ಇನ್ಶೂರೆನ್ಸ್ ಬೇರೆ ಥರದ್ದು, ಅಷ್ಟೆ. ಭಾರತದ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಕಡ್ಡಾಯ. ಬೇಡ ಅನ್ನುವ ಮಾತೇ ಇಲ್ಲ. ಅದರಲ್ಲಿ ಜೀವ ವಿಮೆಯ ಜೊತೆ ಉಳಿತಾಯವೂ ಸೇರಿದೆ. ಸಂಬಳದಿಂದ ಹೋಗುವ ದುಡ್ಡಿನಲ್ಲಿ ಒಂದು ಪಾಲು ಉಳಿತಾಯವಾಗಿ ನಿಂತು, ನಿವೃತ್ತಿಯಲ್ಲಿ ಕೈಗೆ ಬರುತ್ತದೆ. ನಿಮ್ಮ ಮನೆಯ ತಾರಸಿ ಆ ಉಳಿತಾಯದ್ದು. ಎಸ್‌ಜಿಎಲ್‌ಐಯಲ್ಲಿ ಉಳಿತಾಯದ ಪಾಲೇ ಇಲ್ಲ. ಬರೀ ಜೀವ ವಿಮೆ. ಅದಕ್ಕೇ ಇಷ್ಟು ಅಗ್ಗ.

ಎಷ್ಟು ಅಗ್ಗ ನೋಡಿ. 1,000 ಡಾಲರ್ ಕವರ್‌ಗೆ ತಿಂಗಳಿಗೆ 5 ಸೆಂಟ್. 2025ರ ಜುಲೈವರೆಗೆ 6 ಸೆಂಟ್ ಇತ್ತು, ಆಮೇಲೆ ಇಳಿಸಿದರು. ನಿಮಗೆ ಇರುವುದು ಪೂರ್ತಿ 5 ಲಕ್ಷ ಡಾಲರ್. ಅದಕ್ಕೆ 25 ಡಾಲರ್. ಇನ್ನೊಂದು ಡಾಲರ್ ಟಿಎಸ್‌ಜಿಎಲ್‌ಐಗೆ. ಕೈಕಾಲು ಹೋದರೆ, ಕಣ್ಣು ಹೋದರೆ, ಮೈಯೆಲ್ಲ ಸುಟ್ಟರೆ, ಅಂಥ ದೊಡ್ಡ ಗಾಯಕ್ಕೆ ಬದುಕಿದ್ದಾಗಲೇ 25 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ಕೊಡುವುದು ಅದು. ಎಸ್‌ಜಿಎಲ್‌ಐ ಬಿಟ್ಟರೆ ಇದೂ ಹೋಗುತ್ತದೆ. ಬೇರೆಯಾಗಿ ಇಟ್ಟುಕೊಳ್ಳಲು ಬರುವುದಿಲ್ಲ. ನಿಮ್ಮ ಸೀನಿಯರ್ ಇದನ್ನು ಹೇಳಿರಲಿಕ್ಕಿಲ್ಲ.

ಇಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ? ಇದು ಶುರುವಾದದ್ದು 1965ರಲ್ಲಿ, ವಿಯೆಟ್ನಾಂ ಯುದ್ಧ ಜೋರಾಗುತ್ತಿದ್ದಾಗ. ಯುದ್ಧಕ್ಕೆ ಹೋಗುವ ಹುಡುಗನಿಗೆ ಖಾಸಗಿ ಕಂಪನಿಯಿಂದ ಸರಿಯಾದ ಪಾಲಿಸಿ ಸಿಗುವುದು ಕಷ್ಟವಾಗಿತ್ತು. ಸಿಕ್ಕರೂ ಯುದ್ಧದಲ್ಲಿ ಸತ್ತರೆ ಕೊಡಲ್ಲ ಅನ್ನುವ ಷರತ್ತು. ಆಗ ಸರ್ಕಾರವೇ ಮುಂದೆ ಬಂತು. ಮೊದಲಿಗೆ ಕವರ್ ಬರೀ 10,000 ಡಾಲರ್. 2005ರಲ್ಲಿ 4 ಲಕ್ಷ, 2023ರ ಮಾರ್ಚ್ 1ರಿಂದ 5 ಲಕ್ಷ ಆಯಿತು. ಯುದ್ಧದಿಂದ ಸಾವು ಹೆಚ್ಚಾದರೆ ಅದರ ಹೆಚ್ಚುವರಿ ಖರ್ಚನ್ನು ಸೇನೆಯೇ ಹೊರಬೇಕು ಅಂತ ಕಾನೂನಿನಲ್ಲಿದೆ. ಅಂದರೆ ನೀವು ಶಾಂತಿಕಾಲದ ಲೆಕ್ಕದಲ್ಲಿ ಕಟ್ಟುತ್ತೀರಿ, ಯುದ್ಧಕಾಲದ ರಕ್ಷಣೆ ನಿಮಗೆ ಸಿಗುತ್ತದೆ. ತರಬೇತಿಯ ಅಪಘಾತ ಇರಲಿ, ರಜೆಯಲ್ಲಿ ಸೋಮವಾರಪೇಟೆಗೆ ಬಂದಾಗ ರಸ್ತೆಯಲ್ಲಿ ಏನಾದರೂ ಆಗಲಿ, ಕಾಯಿಲೆ ಬರಲಿ, ಕವರ್ ಇದ್ದೇ ಇರುತ್ತದೆ.

ಈಗ ನಿಮ್ಮನ್ನು ಮೂರು ಮಾತು ಕೇಳಬೇಕು. ಎಂಎಸ್ ಓದಿದ ದುಡ್ಡು ಎಲ್ಲಿಂದ ಬಂತು? ನಿಮ್ಮ ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ನಿಮಗೆ ಬಿಪಿ, ಕೊಲೆಸ್ಟ್ರಾಲ್ ಏನಾದರೂ? ಎಸ್‌ಜಿಎಲ್‌ಐಯಲ್ಲಿ ಈಗ ಯಾರ ಹೆಸರು ಇದೆ, ನೋಡಿದ್ದೀರಾ?

ಪ್ರಶ್ನೆ ಕೇಳಿದವರು

ಎಜುಕೇಷನ್ ಲೋನ್ ಸರ್. 28 ಲಕ್ಷ ತೆಗೆದಿದ್ದು, ಇನ್ನೂ 19 ಲಕ್ಷದಷ್ಟು ಬಾಕಿ ಇದೆ. ನಾನೇ ಇಲ್ಲಿಂದ ಕಂತು ಕಳಿಸುತ್ತೇನೆ. ಅಪ್ಪನ ಎರಡು ಎಕರೆ ಕಾಫಿ ತೋಟ ಬ್ಯಾಂಕಿನಲ್ಲಿ ಅಡಮಾನ ಇದೆ. ಅಪ್ಪನಿಗೆ ಶುಗರ್ ಇದೆ, ಅಜ್ಜನಿಗೂ ಇತ್ತು. ನನಗೆ ಈಗ ಏನೂ ಇಲ್ಲ. ಯಾರ ಹೆಸರು ಹಾಕಿದ್ದೇನೆ ಅನ್ನುವುದು ನಿಜವಾಗಿ ನೆನಪಿಲ್ಲ. ಬೇಸಿಕ್ ಟ್ರೈನಿಂಗ್‌ಗೆ ಹೋದ ಹೊಸದರಲ್ಲಿ ನಿದ್ದೆ ಇಲ್ಲದೆ ಹತ್ತಾರು ಫಾರ್ಮ್‌ಗೆ ಸಹಿ ಹಾಕಿದ್ದೆ.

ಉತ್ತರ

ಹಾಗಾದರೆ "ನಂಬಿಕೊಂಡವರು ಯಾರೂ ಇಲ್ಲ" ಅನ್ನುವುದು ಸರಿಯಲ್ಲ. ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಇಲ್ಲಿನ ಫಾರ್ಮ್‌ಗಳಲ್ಲಿ "ಅವಲಂಬಿತರು" ಅಂದರೆ ಹೆಂಡತಿ, ಮಕ್ಕಳು. ನಮ್ಮ ಕಡೆಯ ಲೆಕ್ಕ ಬೇರೆ. ಅಪ್ಪ ನಿಮ್ಮ ಸಾಲಕ್ಕೆ ಸಹ-ಸಾಲಗಾರ. ನಮ್ಮ ಬ್ಯಾಂಕುಗಳು ಏಳೂವರೆ ಲಕ್ಷದ ಮೇಲಿನ ಎಜುಕೇಷನ್ ಲೋನ್‌ಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ನಾಳೆ ನೀವಿಲ್ಲ ಅಂತಾದರೆ ಬ್ಯಾಂಕ್ ನೋಡುವುದು ತೋಟವನ್ನು. ಪಿಂಚಣಿಯಲ್ಲಿ ಬದುಕುವ ಹಿರಿಯರು 19 ಲಕ್ಷ ಎಲ್ಲಿಂದ ತರಬೇಕು? ನಿಮ್ಮ ಹೆಂಡತಿ ನರ್ಸ್ ಆಗಿ ಚೆನ್ನಾಗಿ ದುಡಿಯಬಹುದು. ಆದರೆ ಆ ಸಾಲದ ಪತ್ರದಲ್ಲಿ ಅವರ ಸಹಿ ಇಲ್ಲ, ಅಲ್ವಾ?

ನನ್ನ ಹತ್ತಿರ ಬರುವ ಭಾರತೀಯ ಹುಡುಗರಲ್ಲಿ ಈ ಸಾಲವೇ ಮರೆತುಹೋಗಿರುತ್ತದೆ. ಅದು ಊರಲ್ಲಿದೆ, ರೂಪಾಯಿಯಲ್ಲಿದೆ, ಇಲ್ಲಿನ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣುವುದಿಲ್ಲ. ಅದಕ್ಕೇ ಮೊದಲು ಕೇಳಿದ್ದು.

ಇನ್ನು ಶುಗರ್ ಯಾಕೆ ಕೇಳಿದೆ ಅಂದರೆ, ಕೆಲವು ವರ್ಷದ ಹಿಂದೆ ನಾನು ನೋಡಿದ ಒಬ್ಬ ಸಾರ್ಜೆಂಟ್ ನೆನಪಾದರು. ಅವರೂ ನಮ್ಮ ಕಡೆಯವರೇ, ಮೂವತ್ತೆರಡು ವಯಸ್ಸು. ಒಬ್ಬ ಏಜೆಂಟ್ ಒಳ್ಳೆ ಪಾಲಿಸಿ ಕೊಡಿಸುತ್ತೇನೆ ಅಂದ. ಇವರು ಅದು ಬಂದೇ ಬಿಟ್ಟಿತು ಅಂದುಕೊಂಡು ಎಸ್‌ಜಿಎಲ್‌ಐ ಬೇಡ ಅಂತ ಬರೆದುಕೊಟ್ಟರು. ಆಮೇಲೆ ಹೊಸ ಪಾಲಿಸಿಗೆ ರಕ್ತ ಪರೀಕ್ಷೆ ಆಯಿತು. ಶುಗರ್ ಇದೆ ಅಂತ ಗೊತ್ತಾಯಿತು. ಅವರಿಗೂ ಅದೇ ಮೊದಲ ಸಲ ಗೊತ್ತಾಗಿದ್ದು. ಪಾಲಿಸಿ ಸಿಗಲಿಲ್ಲ. ಎಸ್‌ಜಿಎಲ್‌ಐ ವಾಪಸ್ ಬೇಕು ಅಂದರೆ ಆರೋಗ್ಯದ ಪ್ರಶ್ನೆಗಳಿರುವ ಬೇರೆ ಫಾರ್ಮ್ ತುಂಬಬೇಕು. ಅದರಲ್ಲೂ ಅದೇ ಶುಗರ್. ಮನೆಯಲ್ಲಿ ಹೆಂಡತಿ, ಒಂದು ವರ್ಷದ ಮಗು. ನನ್ನ ಎದುರು ಕೂತು ಅವರು ಮಾತೇ ಆಡಲಿಲ್ಲ.

ಅವರನ್ನು ಉಳಿಸಿದ್ದು ಒಂದು ತಾರೀಖು. 2023ರ ಮಾರ್ಚ್ 1ರಂದು ಮಿತಿ 5 ಲಕ್ಷಕ್ಕೆ ಏರಿದಾಗ, ಹಿಂದೆ ಬೇಡ ಅಂದವರಿಗೂ, ಕಡಿಮೆ ಮಾಡಿಕೊಂಡವರಿಗೂ ಸೇರಿ ಎಲ್ಲರಿಗೂ ತಾನಾಗಿಯೇ ಪೂರ್ತಿ ಕವರ್ ಕೊಟ್ಟರು. ಆರೋಗ್ಯದ ಪ್ರಶ್ನೆ ಕೇಳಲಿಲ್ಲ. ಅವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಆದರೆ ಅಂಥ ತಾರೀಖು ಮತ್ತೆ ಬರುತ್ತೆ ಅಂತ ಯಾರೂ ನಂಬಿಕೊಂಡು ಕೂರಬಾರದು.

ಎಸ್‌ಜಿಎಲ್‌ಐಯ ಬೆಲೆ ಇರುವುದು ಇಲ್ಲೇ. ನೀವು 29ರ ವಯಸ್ಸಿನಲ್ಲಿ ಗಟ್ಟಿಮುಟ್ಟಾಗಿದ್ದೀರಿ. ಇಷ್ಟೇ ಕವರ್‌ನ ಖಾಸಗಿ ಟರ್ಮ್ ಪಾಲಿಸಿ (ಉಳಿತಾಯ ಇಲ್ಲದ, ಇಷ್ಟು ವರ್ಷ ಅಂತ ಇರುವ ಬರೀ ಜೀವ ವಿಮೆ) ನಿಮಗೆ ಹತ್ತಿರ ಹತ್ತಿರ ಇದೇ ದುಡ್ಡಿಗೆ ಸಿಗಬಹುದು, ಸುಳ್ಳು ಹೇಳುವುದಿಲ್ಲ. ಎಸ್‌ಜಿಎಲ್‌ಐಯಲ್ಲಿ 19ರ ಹುಡುಗನಿಗೂ 50ರ ಕರ್ನಲ್‌ಗೂ ಒಂದೇ ದರ. ಹಾಗಾಗಿ ಚಿಕ್ಕವರಿಗೆ ಬೆಲೆಯ ಲಾಭ ಕಡಿಮೆ. ಆದರೆ ಖಾಸಗಿಯವರು ನಿಮ್ಮ ರಕ್ತ ನೋಡುತ್ತಾರೆ, ಮನೆಯವರ ಕಾಯಿಲೆ ಕೇಳುತ್ತಾರೆ, ಮುಂದಿನ ಪೋಸ್ಟಿಂಗ್ ಎಲ್ಲಿ ಅಂತ ಕೇಳುತ್ತಾರೆ. ಕೆಲವು ಪಾಲಿಸಿಗಳಲ್ಲಿ ಯುದ್ಧದ ಷರತ್ತು ಈಗಲೂ ಇದೆ. ಪ್ಯಾರಾಚೂಟ್ ಜಿಗಿಯುವವರಿಗೆ, ಹೆಲಿಕಾಪ್ಟರ್‌ನಲ್ಲಿ ಕೆಲಸ ಮಾಡುವವರಿಗೆ ಬೇರೆ ಷರತ್ತುಗಳು. ಎಸ್‌ಜಿಎಲ್‌ಐ ಇದ್ಯಾವುದನ್ನೂ ಕೇಳುವುದಿಲ್ಲ.

ಏಜೆಂಟ್ ತೋರಿಸಿದ ಪಾಲಿಸಿ ಬಗ್ಗೆ. 26 ಡಾಲರ್‌ಗೆ 5 ಲಕ್ಷ ಬಿಟ್ಟು, 110 ಡಾಲರ್‌ಗೆ 1 ಲಕ್ಷ ತೆಗೆದುಕೊಳ್ಳಿ ಅಂತಿದ್ದಾರೆ ಅವರು. ಕವರ್ ಐದರಲ್ಲಿ ಒಂದು ಪಾಲು, ಖರ್ಚು ನಾಲ್ಕು ಪಟ್ಟಿಗೂ ಜಾಸ್ತಿ. ಹೋಲ್ ಲೈಫ್‌ನಲ್ಲಿ ದುಡ್ಡು ಬೆಳೆಯುತ್ತದೆ ನಿಜ. ಆದರೆ ಮೊದಲ ಕೆಲವು ವರ್ಷ ಬಹುಪಾಲು ಕಮಿಷನ್‌ಗೆ, ಖರ್ಚಿಗೆ ಹೋಗುತ್ತದೆ. ನಾಲ್ಕು ವರ್ಷಕ್ಕೆ ಸೇನೆ ಬಿಟ್ಟು, ಕಂತು ಕಟ್ಟಲಾಗದೆ ಪಾಲಿಸಿ ಮುರಿದರೆ ಕಟ್ಟಿದಷ್ಟೂ ಕೈಗೆ ಬರುವುದಿಲ್ಲ. ಯುವ ಸೈನಿಕರಿಗೆ ಇಂಥ ಪಾಲಿಸಿ ಮಾರಿ ಎಷ್ಟು ತೊಂದರೆಯಾಯಿತು ಅಂದರೆ, 2006ರಲ್ಲಿ ಅಮೆರಿಕದ ಸಂಸತ್ತು ಅದಕ್ಕೇ ಒಂದು ಕಾನೂನು ಮಾಡಿತು. ಸೇನಾ ನೆಲೆಯ ಒಳಗೆ ಜೀವ ವಿಮೆ ಮಾರುವವರು, ಸರ್ಕಾರದ ಸಹಾಯಧನ ಇರುವ ವಿಮೆ ನಿಮಗೆ ಸಿಗುತ್ತದೆ ಅಂತ ಬರವಣಿಗೆಯಲ್ಲಿ ತಿಳಿಸಬೇಕು. ನಿಮಗೆ ಇದನ್ನು ಗೇಟಿನ ಹೊರಗೆ ತೋರಿಸಿದರು ಅನ್ನುವುದನ್ನು ಸ್ವಲ್ಪ ಯೋಚಿಸಿ. ಎಸ್‌ಜಿಎಲ್‌ಐ ನಿಲ್ಲಿಸಿ ಅಂತ ಹೇಳಿ ತನ್ನದನ್ನು ಮಾರುವವರ ಜೊತೆ ನಾನಾದರೆ ಮಾತು ಮುಂದುವರಿಸುವುದಿಲ್ಲ.

ಅಪ್ಪನಿಗೆ ಬಂದ ಹಾಗೆ ನಿಮಗೂ ಕೊನೆಯಲ್ಲಿ ಕೈಗೆ ದುಡ್ಡು ಬರಬೇಕು ಅನ್ನುವ ಆಸೆ ಇದ್ದರೆ, ಅದು ಒಳ್ಳೆಯ ಆಸೆ. ಅದಕ್ಕೆ ಇರುವುದು ಟಿಎಸ್‌ಪಿ, ಸರ್ಕಾರಿ ನೌಕರರ ನಿವೃತ್ತಿ ಉಳಿತಾಯ. ನೀವು 2018ರ ನಂತರ ಸೇರಿದವರು, ಹಾಗಾಗಿ ಹೊಸ ನಿವೃತ್ತಿ ಪದ್ಧತಿ ನಿಮ್ಮದು. ಮೂಲ ವೇತನದ 5 ಶೇಕಡಾ ನೀವು ಹಾಕಿದರೆ ಸರ್ಕಾರವೂ 5 ಶೇಕಡಾ ಹಾಕುತ್ತದೆ. ಆ 110 ಡಾಲರ್ ಅಲ್ಲಿಗೆ ಹೋಗಲಿ.

ಪ್ರಶ್ನೆ ಕೇಳಿದವರು

ತೋಟದ ವಿಷಯ ನಾನು ಹೀಗೆ ಯೋಚಿಸಿಯೇ ಇರಲಿಲ್ಲ ಸರ್. ಪೂರ್ತಿ 5 ಲಕ್ಷ ಬೇಕಾ, ಕಡಿಮೆ ಮಾಡಿಕೊಳ್ಳಬಹುದಾ? ಸತ್ತರೆ ಸೇನೆ ಬೇರೆ 1 ಲಕ್ಷ ಡಾಲರ್ ಕೊಡುತ್ತದೆ ಅಂತಾರಲ್ಲ, ಅದೇ ಸಾಲಕ್ಕೆ ಸಾಕಾಗುತ್ತಲ್ವಾ?

ಉತ್ತರ

ಕಡಿಮೆ ಮಾಡಬಹುದು. 50,000ದ ಲೆಕ್ಕದಲ್ಲಿ ಇಳಿಸುತ್ತಾ ಹೋಗಬಹುದು. 1 ಲಕ್ಷಕ್ಕೆ ತಿಂಗಳಿಗೆ 6 ಡಾಲರ್, ಎರಡೂವರೆ ಲಕ್ಷಕ್ಕೆ 13 ಡಾಲರ್ 50 ಸೆಂಟ್. ಆದರೆ ಅರ್ಧ ಮಾಡಿ ನಿಮಗೆ ಉಳಿಯುವುದು ತಿಂಗಳಿಗೆ ಹನ್ನೆರಡೂವರೆ ಡಾಲರ್. ಮತ್ತೆ ಏರಿಸಬೇಕೆಂದರೆ ಆರೋಗ್ಯದ ಪ್ರಶ್ನೆ ಎದುರಾಗುತ್ತದೆ. ಮುಂದೆ ಮಗು ಆಗಬಹುದು, ಮನೆ ಕೊಳ್ಳಬಹುದು. ನಾನು ನಿಮ್ಮ ಜಾಗದಲ್ಲಿದ್ದರೆ ಇಳಿಸುತ್ತಿರಲಿಲ್ಲ.

1 ಲಕ್ಷದ ಮಾತು ನಿಜ. ಅದನ್ನು ಡೆತ್ ಗ್ರಾಚ್ಯುಯಿಟಿ ಅನ್ನುತ್ತಾರೆ. ಕರ್ತವ್ಯದಲ್ಲಿರುವಾಗ ತೀರಿಕೊಂಡರೆ ಬರುವುದು, ಎಸ್‌ಜಿಎಲ್‌ಐಗೆ ಸಂಬಂಧ ಇಲ್ಲ, ನೀವು ಏನೂ ಕಟ್ಟಬೇಕಿಲ್ಲ. ಆದರೆ ಅದು ಯಾರಿಗೆ ಹೋಗಬೇಕು ಅನ್ನುವುದು ಬೇರೆ ಫಾರ್ಮ್‌ನಲ್ಲಿದೆ, ಡಿಡಿ 93 ಅಂತ. ಎಸ್‌ಜಿಎಲ್‌ಐಯಲ್ಲಿ ಹೆಸರು ಬದಲಿಸಿದರೆ ಅಲ್ಲಿ ಬದಲಾಗುವುದಿಲ್ಲ. ಎರಡನ್ನೂ ಒಂದೇ ದಿನ ಕೂತು ನೋಡಿ.

ಹೆಂಡತಿಗೆ ಗ್ರಾಚ್ಯುಯಿಟಿ, ಅಪ್ಪ ಅಮ್ಮನಿಗೆ ಎಸ್‌ಜಿಎಲ್‌ಐಯಲ್ಲಿ ಒಂದು ಪಾಲು, ಉಳಿದದ್ದು ಹೆಂಡತಿಗೆ, ಹೀಗೆ ಹಂಚಬಹುದು. ಶೇಕಡಾ ಲೆಕ್ಕದಲ್ಲಿ ಎಷ್ಟು ಜನರಿಗೆ ಬೇಕಾದರೂ ಬರೆಯಬಹುದು, ಅವರು ಭಾರತದಲ್ಲಿದ್ದರೂ ತೊಂದರೆ ಇಲ್ಲ. 5 ಲಕ್ಷ ಡಾಲರ್ ಅಂದರೆ ಇವತ್ತು ನಾಲ್ಕು ಕೋಟಿ ರೂಪಾಯಿಗೂ ಜಾಸ್ತಿ. ಅದರಲ್ಲಿ ಹತ್ತು ಶೇಕಡಾ ಅಪ್ಪನ ಹೆಸರಿಗೆ ಬರೆದರೂ ತೋಟ ಬಿಡಿಸಿಕೊಂಡು ಕೈಯಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ ಈ ಹಣಕ್ಕೆ ಆದಾಯ ತೆರಿಗೆ ಇಲ್ಲ. ಊರಿನ ಕಡೆಯ ತೆರಿಗೆಗೆ ಅಲ್ಲಿನ ಸಿಎ ಒಬ್ಬರನ್ನು ಕೇಳಿ.

ಇನ್ನೊಂದು. ನೀವು ಎಸ್‌ಜಿಎಲ್‌ಐ ಬಿಟ್ಟರೆ, ಕಡಿಮೆ ಮಾಡಿದರೆ, ಅಥವಾ ಹೆಂಡತಿ ಬಿಟ್ಟು ಬೇರೆಯವರ ಹೆಸರು ಹಾಕಿದರೆ, ಹೆಂಡತಿಗೆ ಪತ್ರ ಹೋಗುತ್ತದೆ. ಅವರ ಒಪ್ಪಿಗೆ ಬೇಕಿಲ್ಲ, ಬರೀ ತಿಳಿಸುತ್ತಾರೆ. ಟಪಾಲಿನಲ್ಲಿ ಬಂದ ಸರ್ಕಾರಿ ಪತ್ರ ಒಡೆದು, ಗಂಡ ಏನು ಮಾಡಿದ್ದಾನೆ ಅಂತ ಓದಿ ತಿಳಿಯುವುದು ಯಾವ ಹೆಂಡತಿಗೂ ಬೇಡ. ನೀವೇ ಮೊದಲು ಕೂತು ಮಾತಾಡಿ. ಸಾಲ ಎಷ್ಟಿದೆ, ತೋಟ ಯಾಕೆ ಅಡಮಾನದಲ್ಲಿದೆ, ಎಲ್ಲ ಹೇಳಿ.

ಇನ್ನೊಬ್ಬ ಸದಸ್ಯೆ

ನನ್ನ ಗಂಡ ನೇವಿಯಲ್ಲಿದ್ದಾರೆ. ನಮಗೆ ಎಂಟು ತಿಂಗಳ ಮಗು. ಮಗುವಿನ ಹೆಸರನ್ನೇ ಎಸ್‌ಜಿಎಲ್‌ಐಗೆ ಹಾಕೋಣ ಅಂತ ಅವರು ಹೇಳುತ್ತಿದ್ದಾರೆ. ಸರಿನಾ?

ಉತ್ತರ

ಪ್ರೀತಿಯಿಂದ ಹೇಳುತ್ತಿದ್ದಾರೆ, ಆದರೆ ನೇರವಾಗಿ ಹಾಕಬೇಡಿ. ಚಿಕ್ಕ ಮಗುವಿನ ಕೈಗೆ ಹಣ ಕೊಡಲು ಬರುವುದಿಲ್ಲ. ಕೋರ್ಟ್ ಮಗುವಿನ ಆಸ್ತಿಗೆ ಪಾಲಕರನ್ನು ನೇಮಿಸಬೇಕು. ದುಃಖದ ಹೊತ್ತಿನಲ್ಲಿ ನೀವೇ ತಾಯಿಯಾಗಿದ್ದರೂ ವಕೀಲರು, ಕೋರ್ಟು ಅಂತ ಓಡಾಡಬೇಕಾಗುತ್ತದೆ. ಮೊದಲು ನಿಮ್ಮ ಹೆಸರು ಇರಲಿ. ನಿಮ್ಮಿಬ್ಬರಿಗೂ ಒಟ್ಟಿಗೆ ಏನಾದರೂ ಆದರೆ ಅಂತ ಎರಡನೆಯ ಸಾಲಿನಲ್ಲಿ ಮಗುವಿಗಾಗಿ ಒಂದು ಟ್ರಸ್ಟ್ ಅಥವಾ ಕಾನೂನಿನ ಪ್ರಕಾರ ಒಬ್ಬ ಕಸ್ಟೋಡಿಯನ್, ಅಂದರೆ ಮಗುವಿನ ಪರವಾಗಿ ಹಣ ನೋಡಿಕೊಳ್ಳುವವರು, ಇರಲಿ. ನೆಲೆಯ ಕಾನೂನು ಕಚೇರಿಯಲ್ಲಿ ಇದಕ್ಕೆ ಉಚಿತವಾಗಿ ಸಹಾಯ ಮಾಡುತ್ತಾರೆ.

ಅವರಿಗೆ ಎಸ್‌ಜಿಎಲ್‌ಐ ಇರುವುದರಿಂದ ನಿಮಗೂ 1 ಲಕ್ಷದವರೆಗೆ ಕವರ್ ಸಿಗುತ್ತದೆ, ಅದಕ್ಕೆ ನಿಮ್ಮ ವಯಸ್ಸಿನ ಪ್ರಕಾರ ಬೇರೆ ದರ. ಮಗುವಿಗೆ 10,000 ಡಾಲರ್, ಅದಕ್ಕೆ ಏನೂ ಕಟ್ಟಬೇಕಿಲ್ಲ. ಅವರು ಎಸ್‌ಜಿಎಲ್‌ಐ ಬಿಟ್ಟರೆ ಈ ಎರಡೂ ಹೋಗುತ್ತವೆ. ಹೆಂಡತಿ ಮಕ್ಕಳಿದ್ದವರು ಬಿಡುವ ಮುಂಚೆ ಇದನ್ನೂ ಲೆಕ್ಕ ಹಾಕಬೇಕು.

ಇನ್ನೊಬ್ಬ ಸದಸ್ಯರು

ನನಗೆ ಡಿವೋರ್ಸ್ ಆಗಿ ಎರಡು ವರ್ಷ ಆಯಿತು. ಡಿವೋರ್ಸ್ ಆದ ಮೇಲೆ ಹಳೆ ಹೆಸರು ತಾನಾಗಿಯೇ ಹೋಗಿರುತ್ತೆ ಅಲ್ವಾ?

ಉತ್ತರ

ಹೋಗಿರುವುದಿಲ್ಲ! ದಯವಿಟ್ಟು ಇವತ್ತೇ ನೋಡಿ. ಎಸ್‌ಜಿಎಲ್‌ಐಯಲ್ಲಿ ಯಾರ ಹೆಸರು ಬರೆದಿದೆಯೋ ಅವರಿಗೇ ಹಣ. ಉಯಿಲಿನಲ್ಲಿ ಬೇರೆ ಬರೆದಿದ್ದರೂ, ಡಿವೋರ್ಸ್ ಆದೇಶದಲ್ಲಿ ಬೇರೆ ಇದ್ದರೂ ಅಷ್ಟೆ. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಿಡ್ಜ್‌ವೇ ಪ್ರಕರಣದಲ್ಲಿ ಇದನ್ನೇ ಹೇಳಿತು. ಒಬ್ಬ ಸಾರ್ಜೆಂಟ್ ಡಿವೋರ್ಸ್ ಆದಾಗ, ಮೂವರು ಮಕ್ಕಳಿಗಾಗಿ ವಿಮೆ ಉಳಿಸಿಕೊಳ್ಳಬೇಕು ಅಂತ ರಾಜ್ಯದ ಕೋರ್ಟ್ ಆದೇಶ ಮಾಡಿತ್ತು. ಅವರು ಮತ್ತೆ ಮದುವೆಯಾಗಿ, ಕಾನೂನಿನ ಕ್ರಮದಂತೆ ಹೋಗಲಿ ಅಂತ ಫಾರ್ಮ್ ಬದಲಿಸಿದರು. ಕ್ರಮದಲ್ಲಿ ಮೊದಲು ಬರುವುದು ಗಂಡ ಅಥವಾ ಹೆಂಡತಿ. ಹಣ ಎರಡನೆಯ ಹೆಂಡತಿಗೆ ಹೋಯಿತು, ಮಕ್ಕಳಿಗೆ ಸಿಗಲಿಲ್ಲ. ಕೇಂದ್ರ ಕಾನೂನಿನ ಮುಂದೆ ರಾಜ್ಯದ ಆದೇಶ ನಿಲ್ಲುವುದಿಲ್ಲ ಅಂತ ತೀರ್ಪು. ಈಗಲೂ ಅದೇ ನಡೆಯುತ್ತಿದೆ.

ಇನ್ನೊಬ್ಬ ಸದಸ್ಯರು

ನಾನು ಮೂರು ತಿಂಗಳಲ್ಲಿ ಸೇನೆ ಬಿಡುತ್ತಿದ್ದೇನೆ. ಹೇಗೂ ಹೊರಗೆ ಹೋಗುವುದು, ಈಗಲೇ ನಿಲ್ಲಿಸಿದರೆ ಮೂರು ತಿಂಗಳ ದುಡ್ಡು ಉಳಿಯುತ್ತೆ ಅಂದುಕೊಂಡಿದ್ದೆ.

ಉತ್ತರ

78 ಡಾಲರ್ ಉಳಿಯುತ್ತದೆ. ಹೋಗುವುದು ಎಷ್ಟು ನೋಡಿ. ಎಸ್‌ಜಿಎಲ್‌ಐ ಇಟ್ಟುಕೊಂಡು ಹೊರಗೆ ಬಂದರೆ ಮುಂದಿನ 120 ದಿನ ಏನೂ ಕಟ್ಟದೆ ಕವರ್ ಇರುತ್ತದೆ. ಹೊರಬಂದ ದಿನದಿಂದ 240 ದಿನದೊಳಗೆ ವಿಜಿಎಲ್‌ಐಗೆ, ಅಂದರೆ ಮಾಜಿ ಸೈನಿಕರ ವಿಮೆಗೆ, ಅರ್ಜಿ ಹಾಕಿದರೆ ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅದಾದ ಮೇಲೂ ಒಂದು ವರ್ಷ 120 ದಿನದವರೆಗೆ ಹಾಕಬಹುದು, ಆದರೆ ಆರೋಗ್ಯದ ವಿವರ ಕೊಡಬೇಕು. ಬಿಡುವ ದಿನ ಎಸ್‌ಜಿಎಲ್‌ಐ ಎಷ್ಟಿತ್ತೋ ಮೊದಲಿಗೆ ಅಷ್ಟರವರೆಗೆ ಮಾತ್ರ ವಿಜಿಎಲ್‌ಐ ಸಿಗುತ್ತದೆ. ಎಸ್‌ಜಿಎಲ್‌ಐ ಇಲ್ಲದಿದ್ದರೆ ಇದೂ ಇಲ್ಲ.

ವಿಜಿಎಲ್‌ಐ ದರ ವಯಸ್ಸಾದಂತೆ ಏರುತ್ತದೆ, ಐವತ್ತು ದಾಟಿದ ಮೇಲೆ ಭಾರ ಅನಿಸುತ್ತದೆ. ಆರೋಗ್ಯ ಚೆನ್ನಾಗಿದ್ದರೆ ಖಾಸಗಿ ಟರ್ಮ್ ಪಾಲಿಸಿಯೇ ಅಗ್ಗ. ಆದರೆ ಹತ್ತು ವರ್ಷ ಭಾರ ಹೊತ್ತು ಬೆನ್ನು ಹೋದವರು, ಡಿಪ್ಲಾಯ್‌ಮೆಂಟ್‌ನಿಂದ ಬಂದು ನಿದ್ದೆಗೆ, ಮನಸ್ಸಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು, ಉಸಿರಾಟದ ತೊಂದರೆ ಇರುವವರು, ಇವರಿಗೆ ಆ 240 ದಿನ ಬಹಳ ದೊಡ್ಡದು. ಇನ್ಶೂರೆನ್ಸ್ ಸಿಗಲ್ಲ ಅಂತ ಹೆದರಿ ಯಾರೂ ಚಿಕಿತ್ಸೆ ನಿಲ್ಲಿಸಬೇಡಿ. ಆರೋಗ್ಯ ನೋಡದೆ ಕೊಡುವ ಬಾಗಿಲು ಇರುವುದು ನಿಮ್ಮಂಥವರಿಗಾಗಿಯೇ.

ಇನ್ನೊಬ್ಬ ಸದಸ್ಯರು

ಹಾಗಾದರೆ ಯಾರೂ, ಯಾವತ್ತೂ ಬಿಡಬಾರದು ಅಂತೀರಾ?

ಉತ್ತರ

ಹಾಗೆ ಹೇಳುವುದಿಲ್ಲ. ಬಿಟ್ಟವರನ್ನೂ ನೋಡಿದ್ದೇನೆ, ಸರಿಯಾಗಿಯೇ ಬಿಟ್ಟಿದ್ದರು. ಸಾಲ ಇಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ, ಮನೆಯವರಿಗೆ ಸಾಕಷ್ಟು ಆಸ್ತಿ ಇದೆ. ಅಥವಾ ಯುದ್ಧದ ಷರತ್ತಿಲ್ಲದ ದೊಡ್ಡ ಖಾಸಗಿ ಪಾಲಿಸಿ ಈಗಾಗಲೇ ಇದೆ. ಅಂಥ ಪಾಲಿಸಿ ಕೊಡುವ ಸಂಸ್ಥೆಗಳೂ ಇವೆ. 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಸತ್ತವರ ಮನೆಯವರು ಬೀದಿಗೆ ಬಂದದ್ದನ್ನು ನೋಡಿ ಆರ್ಮಿಯ ಅಧಿಕಾರಿಗಳು 1879ರಲ್ಲಿ ಕಟ್ಟಿದ ಎಎಎಫ್‌ಎಂಎಎ, ಅದೇ ವರ್ಷ ಶುರುವಾದ ನೇವಿ ಮ್ಯೂಚುವಲ್. ಎರಡೂ ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ. ಅಲ್ಲೂ ಆರೋಗ್ಯ ನೋಡಿಯೇ ಕೊಡುವುದು.

ನಾನು ಕೇಳಿಕೊಳ್ಳುವುದು ಕ್ರಮದ ಬಗ್ಗೆ. ಹೊಸ ಪಾಲಿಸಿಯ ಕಾಗದ ಕೈಗೆ ಬರಲಿ, ಮೊದಲ ಕಂತು ಹೋಗಲಿ, ಅದು ಜಾರಿಯಲ್ಲಿದೆ ಅಂತ ಬರಹದಲ್ಲಿ ಖಾತ್ರಿಯಾಗಲಿ. ಆಮೇಲೆ ಬೇಕಾದರೆ ಎಸ್‌ಜಿಎಲ್‌ಐ ಬಗ್ಗೆ ಯೋಚಿಸಿ. ಅರ್ಜಿ ಹಾಕಿದ್ದೇನೆ, ಏಜೆಂಟ್ ಆಗುತ್ತೆ ಅಂದಿದ್ದಾರೆ ಅನ್ನುವುದನ್ನು ನಂಬಿ ಬಿಡಬೇಡಿ.

ಇನ್ನೊಬ್ಬ ಸದಸ್ಯರು, ನಿವೃತ್ತ ಸುಬೇದಾರ್

ನನ್ನ ಮಗಳು ಅಲ್ಲಿದ್ದಾಳೆ, ಹಾಗಾಗಿ ಈ ಗುಂಪಿನಲ್ಲಿದ್ದೇನೆ. ನಮ್ಮ ಕಾಲದಲ್ಲಿ ಗ್ರೂಪ್ ಇನ್ಶೂರೆನ್ಸ್ ಕಡಿತ ನೋಡಿ ನಾವೂ ಗೊಣಗುತ್ತಿದ್ದೆವು. ಬಿಡಲು ಅವಕಾಶ ಇದ್ದಿದ್ದರೆ ನಾನೇ ಬಿಟ್ಟುಬಿಡುತ್ತಿದ್ದೆ. ನನ್ನ ಜೊತೆಯವನೊಬ್ಬ ತೀರಿಕೊಂಡಾಗ ಅವನ ಮನೆಗೆ ಹೋಗಿದ್ದೆ. ಆ ಹೆಂಗಸಿನ ಕೈಗೆ ಮೊದಲು ಬಂದ ದೊಡ್ಡ ಮೊತ್ತ ಅದೇ. ಎರಡು ಹೆಣ್ಣುಮಕ್ಕಳು ಓದಿದರು. ಈಗ ಅಗ್ನಿವೀರರಿಗೆ ಏನೂ ಕಡಿತ ಇಲ್ಲದೆ 48 ಲಕ್ಷದ ವಿಮೆ ಇದೆ. ಸೋಮವಾರಪೇಟೆಯ ಹುಡುಗ, ನಿಮ್ಮ ಅಪ್ಪನ ನಂಬರ್ ಕೊಟ್ಟರೆ ನಾನೇ ಮಾತಾಡುತ್ತೇನೆ. ಹವಾಲ್ದಾರರಿಗೆ ಹವಾಲ್ದಾರರ ಭಾಷೆಯಲ್ಲೇ ಹೇಳಬೇಕು.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಸರ್, ನೋಡಿದೆ. ಮಿಲ್‌ಕನೆಕ್ಟ್ ಅನ್ನುವ ಸೇನೆಯ ಜಾಲತಾಣಕ್ಕೆ ಹೋಗಿ, ಎಸ್‌ಜಿಎಲ್‌ಐ ವಿವರ ಇರುವ ಸೋಯೆಸ್ ತೆರೆದೆ. ಅಮ್ಮನ ಹೆಸರಿಗೆ ನೂರು ಶೇಕಡಾ ಇತ್ತು. ಅಮ್ಮ ಹೋದ ವರ್ಷ ತೀರಿಕೊಂಡರು. ಹೆಂಡತಿ ಹೆಸರೂ ಇಲ್ಲ, ಅಪ್ಪನ ಹೆಸರೂ ಇಲ್ಲ. ಆ ಪುಟ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಅಪ್ಪನಿಗೆ 20 ಶೇಕಡಾ ಅಂತ ಅವಳೇ ಹೇಳಿದಳು, ನಾನು ಹತ್ತು ಅಂದಿದ್ದೆ. ಉಳಿದ 80 ಅವಳಿಗೆ. ಎಸ್‌ಜಿಎಲ್‌ಐ ಪೂರ್ತಿ ಇಟ್ಟುಕೊಂಡಿದ್ದೇನೆ. ಏಜೆಂಟ್‌ಗೆ ಬೇಡ ಅಂದೆ. ಒಂದೇ ಅನುಮಾನ. ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಇನ್ನೊಂದು ಥರ, ಸೇನೆಯ ಡಿಸ್ಚಾರ್ಜ್ ಪುಸ್ತಕದಲ್ಲಿ ಮತ್ತೊಂದು ಥರ ಇದೆ. ಯಾವುದನ್ನು ಹಾಕಲಿ?

ಉತ್ತರ

ಅಮ್ಮನ ವಿಷಯ ಕೇಳಿ ಬೇಸರವಾಯಿತು.

ಪಾಸ್‌ಪೋರ್ಟ್‌ನಲ್ಲಿರುವ ಹಾಗೆ ಹಾಕಿ, ಸಂಬಂಧ "ತಂದೆ" ಅಂತ, ಈಗಿನ ವಿಳಾಸ, ಫೋನ್ ನಂಬರ್ ಪೂರ್ತಿ ಇರಲಿ. ಅವರ ಬ್ಯಾಂಕ್ ಖಾತೆಯ ಹೆಸರೂ ಅದೇ ಥರ ಮಾಡಿಸಲು ಹೇಳಿ, ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಆಗುತ್ತದೆ. ಅಪ್ಪನಿಗಿಂತ ಮುಂಚೆ ನಿಮಗೆ, ನಿಮಗಿಂತ ಮುಂಚೆ ಅಪ್ಪನಿಗೆ, ಏನು ಬೇಕಾದರೂ ಆಗಬಹುದು. ಹಾಗಾಗಿ ಎರಡನೆಯ ಸಾಲಿನ ಹೆಸರುಗಳನ್ನು ಖಾಲಿ ಬಿಡಬೇಡಿ. ಡಿಡಿ 93ರಲ್ಲೂ ಅಮ್ಮನ ಹೆಸರೇ ಇರಬಹುದು, ಅದನ್ನು ನಾಳೆ ಯೂನಿಟ್ ಕಚೇರಿಗೆ ಹೋಗಿ ಸರಿಮಾಡಿಸಿ.

ಎಲ್ಲ ಮುಗಿದ ಮೇಲೆ ಸೋಯೆಸ್‌ನ ಪ್ರಮಾಣಪತ್ರ ಇಳಿಸಿಕೊಂಡು ಒಂದು ಪ್ರತಿ ಹೆಂಡತಿಯ ಹತ್ತಿರ ಇಡಿ, ಇನ್ನೊಂದು ಅಪ್ಪನಿಗೆ ವಾಟ್ಸಾಪ್ ಮಾಡಿ. ಜೊತೆಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಇದು ಏನು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು.